ಅಫಲಾತೂನನ ಅಕ್ಕ

ಮೊನ್ನೆ ಕಲಬುರಗಿಯ ಬಸ್ ನಿಲ್ದಾಣದ ಎದುರು ರಸ್ತೆ ದಾಟಲಾಗದೆ ನಿಂತಿದ್ದೆ. ನಮ್ಮೂರಲ್ಲಿ ರಸ್ತೆ ದಾಟುವವರು ವಿಚಾರ ಮಾಡಬಾರದು, ಕಣ್ಣು ಮುಚ್ಚಿ ನುಗ್ಗಬೇಕು. ಜೀವನಪೂರ್ತಿ ಹುಡುಗರಿಗೆ ವಿಚಾರ ಮಾಡುವುದನ್ನೇ ಕಲಿಸಿದ ನನ್ನಂಥವರು ಹೀಗೆ ಬದಿಯಲ್ಲಿಯೇ ನಿಂತುಬಿಡುತ್ತೇವೆ. ಅಷ್ಟರಲ್ಲಿ ಒಂದು ಆಟೋ ನನ್ನ ಚಪ್ಪಲಿಯ ತುದಿಯನ್ನು ಸವರಿಕೊಂಡು ಹೋಗಿ ಸ್ವಲ್ಪ ಮುಂದೆ ನಿಂತಿತು. ಬೈಯಬೇಕೆಂದು ಬಾಯಿ ತೆರೆದವನು ಅದರ ಬೆನ್ನ ಮೇಲಿನ ಬರಹ ನೋಡಿ ಹಾಗೆಯೇ ಬಾಯಿ ಮುಚ್ಚಿದೆ. ಕಪ್ಪು ರೆಕ್ಸಿನ್ನಿನ ಮೇಲೆ ಹಳದಿ ಬಣ್ಣದಲ್ಲಿ, ಎರಡು ಗುಲಾಬಿ ಹೂಗಳ ನಡುವೆ, ದೊಡ್ಡದಾಗಿ ಬರೆದಿತ್ತು: ‘ಅಫಲಾತೂನ’.

ಹತ್ತಿರ ಹೋಗಿ ಚಾಲಕನನ್ನು ಕೇಳಿದೆ, “ಅಫಲಾತೂನ ಅಂದ್ರ ಏನಪ್ಪಾ?”

“ಎಲ್ಲಿಗಿ ಹೋಗಬೇಕ್ರಿ?” ಎಂದ.

“ಎಲ್ಲಿಗೂ ಇಲ್ಲ. ಈ ಹೆಸರು ಯಾಕ ಬರಿಸೀದಿ ಅಂತ ಕೇಳ್ದೆ.”

ಅವನು ನನ್ನ ಕನ್ನಡಕವನ್ನೂ ಬಗಲಚೀಲವನ್ನೂ ಒಮ್ಮೆ ನೋಡಿದ. “ಜೋರ್ ಇದ್ದಾಂವ ಅಂತ್ರೀ ಸರ. ಯಾರಿಗೂ ಕೇರ್ ಮಾಡಲಾರದಾಂವ. ನಮ್ಮ ಮಾಮಾ ಬರಿಸ್ಯಾರ. ಈಗ ಹತ್ತತೀರೇನು, ಇಲ್ಲಾ ಬರೇ ಕೇಳ್ತೀರೇನು?”

ಬರೇ ಕೇಳುವುದೇ ನನ್ನ ಉದ್ಯೋಗ ಎಂದು ಆ ಪುಣ್ಯಾತ್ಮನಿಗೆ ಹೇಳಲು ಹೋಗಲಿಲ್ಲ. ನಾನು ಇಲ್ಲಿಯ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕ. ಅದರಲ್ಲೂ ಪ್ರಾಚೀನ ಗ್ರೀಕರ ತತ್ತ್ವಶಾಸ್ತ್ರ ನನ್ನ ವಿಶೇಷ ಅಧ್ಯಯನ. ಬಿಸಿಲಿಗೆ ಡಾಂಬರು ಕರಗುವ ಈ ಊರಿನಲ್ಲಿ ಕುಳಿತು ಗ್ರೀಕರ ಗೊಡವೆ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಾಳೆ. ಉತ್ತರ ಇಬ್ಬರಿಗೂ ಬಾಕಿ ಇದೆ.

ಈ ‘ಅಫಲಾತೂನ’ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಒಂದು ಕಾಲಕ್ಕೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆಯಲ್ಲವೇ, ಉರ್ದು ನಮ್ಮ ಕನ್ನಡದೊಳಗೆ ಉಪ್ಪಿನಂತೆ ಕರಗಿಹೋಗಿದೆ. ಹಿರಿಯರಿಗೆ ಎದುರು ಮಾತಾಡಿದವನು ಅಫಲಾತೂನ. ಗಾಡಿಯ ಸೈಲೆನ್ಸರ್ ಕಿತ್ತು ಓಣಿಯಲ್ಲೆಲ್ಲ ಸದ್ದು ಮಾಡುತ್ತ ಓಡಾಡುವವನು ಅಫಲಾತೂನ. ಕರೆದ ಮದುವೆಗೆ ಬರದೆ, ಬಂದರೂ ಉಣ್ಣದೆ ಹೋದ ಬೀಗ ದೊಡ್ಡ ಅಫಲಾತೂನ. ಒಟ್ಟಿನಲ್ಲಿ, ತನ್ನನ್ನು ತಾನು ಬಹಳ ತಿಳಿದವನೆಂದು ತಿಳಿದುಕೊಂಡ ಸೊಕ್ಕಿನ ಪ್ರಾಣಿ ಎಂದರ್ಥ.

ಆದರೆ ಇದು ನಿಜವಾಗಿ ಒಬ್ಬ ಮನುಷ್ಯನ ಹೆಸರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನಲ್ಲಿದ್ದ ಬಹು ದೊಡ್ಡ ತತ್ತ್ವಜ್ಞಾನಿಯವನು. ಅರಬರ ನಾಲಗೆಗೆ ಅವನ ಹೆಸರಿನ ಮೊದಲ ಪಕಾರ ಹೊರಳುವುದಿಲ್ಲವಾದ್ದರಿಂದ ಅದನ್ನು ಫಕಾರ ಮಾಡಿದರು, ಮುಂದೊಂದು ಅಕಾರ ಹಚ್ಚಿದರು. ಅಲ್ಲಿಂದ ಪಾರಸಿಗೆ, ಪಾರಸಿಯಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಬಜಾರಿಗೆ ಬಂದ. ಇಷ್ಟು ದೂರ ಬರುವಷ್ಟರಲ್ಲಿ ಪಾಪ, ತತ್ತ್ವವೆಲ್ಲ ದಾರಿಯಲ್ಲಿ ಉದುರಿ ಸೊಕ್ಕೊಂದೇ ಉಳಿದಿತ್ತು. ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಈ ಕಥೆ ಹೇಳುತ್ತೇನೆ. ಹುಡುಗರು ನಗುತ್ತಾರೆ. ಆಮೇಲೆ ವರ್ಷವಿಡೀ ಅವರನ್ನು ನಗಿಸುವಂಥದ್ದು ನನ್ನ ಬಳಿ ಏನೂ ಇಲ್ಲವಾದ್ದರಿಂದ ಈ ಒಂದನ್ನು ಬಹಳ ಜೋಪಾನ ಮಾಡಿಕೊಂಡು ಬಂದಿದ್ದೇನೆ.

ಇನ್ನೊಂದು ಕಾರಣವೂ ಇದೆ. ನನ್ನ ಹುಟ್ಟೂರು ಕಮಲಾಪುರದಲ್ಲಿ ನನ್ನನ್ನೇ ಅಫಲಾತೂನ ಎನ್ನುತ್ತಾರೆ. ಎಂ.ಎ.ಗೆ ಸೇರಿ ಮೊದಲ ರಜೆಗೆ ಊರಿಗೆ ಹೋದಾಗ ಅಪ್ಪ ಚಹಾದ ಅಂಗಡಿಯಲ್ಲಿ ಎಲ್ಲರೆದುರು, “ನಮ್ಮ ಹುಡುಗ ಈಗ ಅಫಲಾತೂನ ಆಗ್ಯಾನ್ರೋ” ಎಂದಿದ್ದ. ಬಾಳೆ ತೋಟದಲ್ಲಿ ಕೂಲಿ ಮಾಡಿ ಬಾಗಿದ್ದ ಆತನ ಬೆನ್ನು ಆ ಮಾತಾಡುವಾಗ ನೆಟ್ಟಗಾಗಿತ್ತು. ಗಂಡುಮಗ ನಾಲ್ಕಕ್ಷರ ಓದಿಕೊಂಡರೆ ಅದೇ ಬೈಗುಳ ಬಿರುದೂ ಆಗುತ್ತದೆಂದು ನನಗೆ ಗೊತ್ತಾದದ್ದು ಅಂದು.

ಬಿರುದು ಸಿಕ್ಕಿತು, ಓದು ಸುಲಭವಾಗಿ ಸಿಗಲಿಲ್ಲ. ನಮ್ಮ ಗುರುಗಳು ಹಟಮಾರಿ. ಗ್ರೀಕರನ್ನು ಇಂಗ್ಲಿಷಿನಲ್ಲಿ ಓದುವುದೆಂದರೆ ಹೋಳಿಗೆಯನ್ನು ಕಾಗದದ ಮೇಲಿನಿಂದ ನೆಕ್ಕಿದ ಹಾಗೆ ಎನ್ನುತ್ತಿದ್ದರು. ಹರಕು ವ್ಯಾಕರಣದ ಪುಸ್ತಕವೊಂದನ್ನು ಕೊಟ್ಟು, ಗ್ರೀಕ್ ಅಕ್ಷರ ತೀಡು ಎಂದು ಕೂರಿಸಿದರು. ನಾನಾಗ ಕಲಬುರಗಿಯ ಬ್ರಹ್ಮಪುರ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಕ್ಷರಗಳನ್ನು ದಪ್ಪಗೆ ಬರೆದು ಗೋಡೆಗೆಲ್ಲ ಅಂಟಿಸಿ, ಬೆಳಿಗ್ಗೆ ಎದ್ದು ಅವುಗಳ ಎದುರು ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಒಂದು ದಿನ ಮನೆಯ ಒಡತಿ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರಲಿಲ್ಲ.

“ತಮ್ಮಾ, ತಪ್ಪ ತಿಳೀಬ್ಯಾಡ. ನೀ ಮಾಟ ಗೀಟ ಏನರ ಕಲ್ಯಾಕತ್ತೀದೇನು? ನಮ್ಮದು ಮಕ್ಕಳು ಮರಿ ಇರೋ ಮನಿ.”

ಗಾಬರಿಯಲ್ಲಿ, “ಇಲ್ರೀ ಅಮ್ಮಾ, ಇದು ಗಣಿತ” ಎಂದುಬಿಟ್ಟೆ. ಆಲ್ಫಾ, ಬೀಟಾ ಗಣಿತದಲ್ಲೂ ಬರುತ್ತವಲ್ಲ, ಪೂರಾ ಸುಳ್ಳೇನಲ್ಲ. ಅವರಿಗೆ ಸಮಾಧಾನವಾಯಿತು. ನನಗಾಗಲಿಲ್ಲ. ಮರುದಿನದಿಂದ ಮೊಮ್ಮಗಳ ರೇಖಾಗಣಿತವನ್ನೆಲ್ಲ ನನ್ನ ಕೋಣೆಗೇ ಕಳಿಸತೊಡಗಿದರು.

ಮದುವೆಯಾದ ಮೇಲೆ ಹೆಂಡತಿಯ ಸರದಿ. ನಾನು ಒಂದು ವಾಕ್ಯವನ್ನು ಹಿಡಿದುಕೊಂಡು ವಾರಗಟ್ಟಲೆ ಕೂರುವುದನ್ನು ನೋಡಿ ಒಮ್ಮೆ ಕೇಳಿದಳು, “ಆ ಭಾಷಾ ಹಂಗ ಮಾತಾಡೋರೆಲ್ಲ ಸತ್ತು ಹೋಗ್ಯಾರ ಅಂತೀರಿ. ಮತ್ತ ನೀವು ತಪ್ಪ ಓದಿದ್ರ ತಪ್ಪು ಅಂತ ಹೇಳೋರು ಯಾರ್ರೀ?” ನಾನು ಈ ವಿಷಯ ಆರಿಸಿಕೊಂಡದ್ದರ ಹಿಂದಿನ ಗುಟ್ಟನ್ನು ಆಕೆ ಅಷ್ಟು ಸಲೀಸಾಗಿ ಹಿಡಿದುಬಿಟ್ಟಳೆಂದು ನಾನು ಆ ದಿನ ಸರಿಯಾಗಿ ಉಣ್ಣಲಿಲ್ಲ.

ಡಾಕ್ಟರೇಟಿಗೆ ನಾನು ಬರೆದ ಪ್ರಬಂಧ ‘ಬದಲಾವಣೆ’ ಎಂಬ ವಿಷಯದ ಮೇಲೆ. ಒಂದು ವಸ್ತು ಬದಲಾಗುತ್ತಲೇ ಇದ್ದರೆ ಅದನ್ನು ಅದೇ ವಸ್ತು ಎನ್ನಬಹುದೇ? ಗ್ರೀಕರು ಇದಕ್ಕಾಗಿ ತಲೆ ಕೆಡಿಸಿಕೊಂಡವರು. ಹರಿಯುವ ಹೊಳೆ ನಿನ್ನೆಯದೇ ಹೌದೋ ಅಲ್ಲವೋ, ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಹಡಗು ಮೊದಲಿನ ಹಡಗೇ ಹೌದೋ ಅಲ್ಲವೋ ಎಂದು ವಾದಿಸಿದವರು. ನಾನು ಹಡಗನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಆದರೂ ಅದರ ಬಗ್ಗೆ ಒಂದು ಅಧ್ಯಾಯ ಬರೆದೆ. ಅದನ್ನು ಓದಿ ಮುಗಿಸಿದವರು ನಾನು, ನಮ್ಮ ಗುರುಗಳು ಮತ್ತು ಟೈಪು ಮಾಡಿದವರು. ಟೈಪಿನವರು ಓದಲೇಬೇಕಿತ್ತು, ಗತ್ಯಂತರವಿರಲಿಲ್ಲ.

ಆ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಗ್ರೀಕರಿಂದಲ್ಲ. ಕಮಲಾಪುರದ ಬಾಳೆ ತೋಟದಲ್ಲಿ, ನನ್ನ ಅಕ್ಕನ ಬಾಯಿಂದ.

ಅಕ್ಕನ ಹೆಸರು ಕಸ್ತೂರಬಾಯಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಪ್ಪನಿಗೆ ರೊಟ್ಟಿಯ ಬುತ್ತಿ ಒಯ್ಯುವುದು ಆಕೆಯ ಕೆಲಸ, ಆಕೆಯ ಲಂಗದ ಚುಂಗು ಹಿಡಿದುಕೊಂಡು ಹಿಂದೆ ಹೋಗುವುದು ನನ್ನ ಕೆಲಸ. ತೋಟದ ತುಂಬ ನಮ್ಮೂರಿನ ಹೆಸರಾದ ಕೆಂಪು ಬಾಳೆ. ಗೊನೆ ಕೊಟ್ಟ ಗಿಡವನ್ನು ಅಪ್ಪ ಕಡಿದು ಹಾಕುತ್ತಿದ್ದ, ಬುಡದಲ್ಲಿ ಮರಿ ಎದ್ದಿರುತ್ತಿತ್ತು. ಅಕ್ಕ ಅದನ್ನೇ ನೋಡುತ್ತ ನಿಂತು ಕೇಳಿದಳು, “ಅಪ್ಪಾ, ಇದು ಆ ಬಾಳೀನೇ ಏನು, ಬ್ಯಾರೇ ಬಾಳಿನೋ?”

“ಬಾಳಿ ಬಾಳೀನೇ. ಬುತ್ತಿ ಬಿಚ್ಚು” ಎಂದ ಅಪ್ಪ.

ಅಕ್ಕ ಬುತ್ತಿ ಬಿಚ್ಚಿದಳು, ಆದರೆ ಪ್ರಶ್ನೆ ಬಿಡಲಿಲ್ಲ. ಹಣ್ಣು ಸುಲಿದು ನನಗೆ ಕೊಡುತ್ತ, “ಒಳಗ ಕೆಂಪೇ ಇಲ್ಲ ನೋಡೋ. ಮತ್ತ ಇದು ಕೆಂಪ ಬಾಳಿ ಹ್ಯಾಂಗ ಆತು? ಕೆಂಪು ಬರೇ ಸಿಪ್ಪೀದಲ್ಲ?” ಎಂದಳು. ನಾನು ಹಣ್ಣು ತಿಂದೆ. ಪ್ರಶ್ನೆ ಕೇಳುವುದು ಆಕೆಯ ಪಾಲು, ತಿನ್ನುವುದು ನನ್ನ ಪಾಲು. ಆಗಲೇ ಹಂಚಿಕೆಯಾಗಿತ್ತು.

ಆಕೆಯ ಪ್ರಶ್ನೆಗಳಿಗೆ ಮನೆಯಲ್ಲಿ ಯಾರೂ ಬೆಲೆ ಕೊಡುತ್ತಿರಲಿಲ್ಲ. ಬೆಲೆ ಕೊಡುತ್ತಿದ್ದವರು ಒಬ್ಬರೇ, ಹಕೀಮ ಸಾಬರು. ಮಸೀದಿಯ ಓಣಿಯಲ್ಲಿ ಅವರ ಯುನಾನಿ ದವಾಖಾನೆ. ಅವ್ವನ ಮೊಣಕಾಲು ನೋವಿಗೆ ಗುಳಿಗೆ ತರಲು ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಒಳಗೆ ಕಷಾಯದ ಕಹಿ ವಾಸನೆ, ಪಿಂಗಾಣಿಯ ಜಾಡಿಗಳಲ್ಲಿ ಲೇಹ್ಯ, ಮೇಜಿನ ಮೇಲೆ ದಪ್ಪ ಉರ್ದು ಪುಸ್ತಕಗಳು. ಅಕ್ಕ ಒಮ್ಮೆ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು, “ಇದು ಹೊಟ್ಟ್ಯಾಗ ಹೋಗ್ತದ. ಅವ್ವಂದು ಮೊಣಕಾಲು ಎಲ್ಲದ ಅಂತ ಇದಕ್ಕ ಹ್ಯಾಂಗ ಗೊತ್ತಾಗ್ತದ್ರಿ?” ಎಂದು ಕೇಳಿದಳು. ಹಕೀಮ ಸಾಬರು ಗಡ್ಡ ಅಲುಗಿಸಿಕೊಂಡು ನಕ್ಕರು. ನಾಡಿ ಹಿಡಿದಿದ್ದ ರೋಗಿಯನ್ನು ಬಿಟ್ಟು ಆಕೆಗೆ ಏನೇನೋ ಹೇಳತೊಡಗಿದರು. ರಕ್ತ, ಕಫ, ಹಳೆಯ ಕಾಲದ ಹಕೀಮರು, ಅವರು ಹೀಗೆಂದರು, ಇವರು ಹಾಗೆಂದರು. ಒಂದೊಂದು ಹೆಸರು ಹೇಳುವಾಗಲೂ ಕೈ ಕಿವಿಗೆ ಹೋಗುತ್ತಿತ್ತು.

ನಾನು ಅದನ್ನು ತುರಿಕೆ ಎಂದುಕೊಂಡಿದ್ದೆ. ಊರಿಗೆಲ್ಲ ಔಷಧಿ ಕೊಡುವ ಮನುಷ್ಯ ತನ್ನ ಕಿವಿಗಿಷ್ಟು ಹಚ್ಚಿಕೊಳ್ಳಬಾರದೇ ಎಂದು ಕನಿಕರ ಪಡುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ, ನಮ್ಮ ಕಾಲೇಜಿನ ಸಂಗೀತದ ಮೇಷ್ಟ್ರು ತಮ್ಮ ಉಸ್ತಾದರ ಹೆಸರು ಬಂದಾಗಲೆಲ್ಲ ಕಿವಿಯ ಹಾಲೆ ಮುಟ್ಟುವುದನ್ನು ಕಂಡು ಕೇಳಿದೆ. ಗುರುಹಿರಿಯರ ಹೆಸರನ್ನು ನಮ್ಮಂಥವರ ಬಾಯಲ್ಲಿ ಹೇಳುವುದೇ ಹೆಚ್ಚು, ಅದಕ್ಕೆ ಕಿವಿ ಹಿಡಿದು ಕ್ಷಮೆ ಕೇಳಿಕೊಳ್ಳುವುದು ಎಂದರು. ಹಕೀಮ ಸಾಬರ ತುರಿಕೆ ಅಂದಿಗೆ ವಾಸಿಯಾಯಿತು. ‘ಯುನಾನಿ’ ಎಂದರೆ ಗ್ರೀಕ್ ಎಂದೇ ಅರ್ಥವೆಂಬುದೂ ಹೀಗೆಯೇ ತಡವಾಗಿ ತಿಳಿಯಿತು. ಅಂದರೆ ನಾನು ಮೊದಲು ಗ್ರೀಕರ ಪಾಠ ಕೇಳಿದ್ದು ಆ ದವಾಖಾನೆಯಲ್ಲಿ, ಮೂಗು ಸುರಿಸುತ್ತ, ಲೇಹ್ಯದ ಜಾಡಿಯ ಮೇಲೆ ಕಣ್ಣಿಟ್ಟು. ಪಾಠ ನಡೆದಿದ್ದು ಮಾತ್ರ ಅಕ್ಕನಿಗೆ.

ಅಕ್ಕ ಏಳನೆಯ ತರಗತಿಯಲ್ಲಿದ್ದಾಗ ಒಂದು ದಿನ ಆಕೆಯ ಪಾಟಿಚೀಲ ಗೋಡೆಯ ಗೂಟಕ್ಕೆ ಏರಿತು. ಇಳಿಯಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅವ್ವ, “ಹಕೀಮ ಸಾಬರು ಆಕೀಗಿ ಬೈದಾರ. ಅಂಥಾ ದೊಡ್ಡ ಮನುಷ್ಯಾರೇ ಬೈತಾರಂದ್ರ ನಾಳಿ ಅತ್ತಿ ಮನ್ಯಾಗ ಏನ್ ಗತಿ? ಸಾಕು ಸಾಲಿ” ಎಂದಳು. ನಾನು ನಂಬಿದೆ. ದೊಡ್ಡವರು ದೊಡ್ಡವರ ಮಾತು ಹೇಳಿದರೆ ಅನುಮಾನಪಡುವ ವಯಸ್ಸಲ್ಲ. ಹಕೀಮ ಸಾಬರ ಮೇಲೆ ಮಾತ್ರ ಸಿಟ್ಟು ಬಂತು. ಇಷ್ಟು ದಿನ ನಗುನಗುತ್ತಲೇ ಮಾತಾಡಿ ಕೊನೆಗೆ ಹೀಗೆ ಮಾಡಿದರಲ್ಲ ಎಂದು. ಅವರು ಮುಂದೆ ದವಾಖಾನೆ ಮುಚ್ಚಿ ಹೈದರಾಬಾದಿಗೆ ಹೋದರು, ಅಲ್ಲಿಯೇ ತೀರಿಕೊಂಡರಂತೆ. ಅಕ್ಕ ಅವ್ವನ ಸಂಗಡ ತೊಗರಿ ಕೊಯ್ಯಲು ಹೋದಳು. ಅದೇ ಊರಲ್ಲಿ ಮದುವೆಯಾಯಿತು. ನಾನು ಹಾಸ್ಟೆಲ್ ಸೇರಿದೆ, ಕಲಬುರಗಿ ಸೇರಿದೆ, ಗ್ರೀಕರನ್ನು ಸೇರಿದೆ.

ಇರಲಿ, ಆಟೋದ ಕಡೆಗೆ ಬರೋಣ. ಹೇಗೋ ರಸ್ತೆ ದಾಟಿ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಹೊರಟೆ. ಅಕ್ಕನನ್ನು ನೋಡಿ ತಿಂಗಳುಗಳಾಗಿದ್ದವು. ಆಕೆ ಈಗ ಹೆದ್ದಾರಿಯ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಅಂಗಡಿ ಇಟ್ಟಿದ್ದಾಳೆ. ನಾಲ್ಕು ಬೊಂಬು, ಮೇಲೊಂದು ತಾಡಪತ್ರಿ, ಅದರಡಿ ಸಾಲಾಗಿ ತೂಗುವ ಗೊನೆಗಳು. ಬಸ್ಸಿಳಿದ ನನ್ನನ್ನು ದೂರದಿಂದಲೇ ಕಂಡು, “ಬಾ ತಮ್ಮಾ, ಬಿಸಿಲಾಗ ಬಂದಿ” ಎಂದು ತಾನು ಕೂತಿದ್ದ ಸ್ಟೂಲನ್ನು ನನಗೆ ಸರಿಸಿದಳು. ತಾನು ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು ಕೂತಳು.

ಅಷ್ಟರಲ್ಲಿ ಕಾರೊಂದು ನಿಂತಿತು. ದಕ್ಷಿಣದ ಕಡೆಯವರಿರಬೇಕು. ಒಬ್ಬ ಹೆಣ್ಣುಮಗಳು ಇಳಿದು ಹಣ್ಣನ್ನು ತಿರುಗಿಸಿ ನೋಡಿ, “ಒಳಗೂ ಕೆಂಪಗೇ ಇರುತ್ತಾ?” ಎಂದು ಕೇಳಿದಳು.

“ಇಲ್ರೀ, ಒಳಗ ಬಿಳೀದೇ ಇರ್ತದ.”

“ಮತ್ತೆ ಕೆಂಪು ಬಾಳೆ ಅಂತೀರಲ್ಲ?”

“ಸಿಪ್ಪಿ ಕೆಂಪದಲ್ರೀ. ತಿಂದ ನೋಡ್ರಿ, ರುಚಿ ಭಾಳ ಛಲೋ” ಎಂದಳು ಅಕ್ಕ. ದಿನಕ್ಕೆ ಎಷ್ಟು ಬಾರಿ ಹೇಳಿ ಸವೆದ ಮಾತೋ, ದನಿಯಲ್ಲಿ ಏರಿಳಿತವೇ ಇರಲಿಲ್ಲ.

ಕಾರು ಹೋದ ಮೇಲೆ ನಾನು, “ಅಕ್ಕಾ, ಇದು ನೀ ಕೇಳತಿದ್ದ ಪ್ರಶ್ನೆ. ಸಣ್ಣಾಕಿ ಇದ್ದಾಗ” ಎಂದೆ.

“ನಾನ? ಯಾವಾಗ?”

“ತೋಟದಾಗ. ಅಪ್ಪಗ ಬುತ್ತಿ ಒಯ್ದಾಗ. ಬಾಳೀ ಮರಿ ನೋಡಿ, ಇದು ಅದೇ ಬಾಳೀನೋ ಬ್ಯಾರೇನೋ ಅಂತನೂ ಕೇಳಿದ್ದಿ. ಮುಂದ ನಾ ಬರದದ್ದೂ ಅದನ್ನೇ.”

ಅಕ್ಕ “ಏನೋಪಾ, ನನಗ ನೆನಪಿಲ್ಲ” ಎಂದು ಹಣ್ಣಿನ ಮೇಲೆ ಕೂತ ನೊಣ ಓಡಿಸಿದಳು.

ನಾನು ಪುಸ್ತಕ ಓದಿ, ಪ್ರಬಂಧ ಬರೆದು, ಡಾಕ್ಟರ್ ಎನಿಸಿಕೊಂಡ ಪ್ರಶ್ನೆಯದು. ಕೇಳಿದವಳಿಗೇ ನೆನಪಿರಲಿಲ್ಲ. ಹಡಗಿನ ಬದಲು ಬಾಳೆಯ ಮರಿಯನ್ನೇ ಉದಾಹರಣೆಯಾಗಿ ಬರೆಯಬಹುದಿತ್ತಲ್ಲ ಎಂದು ನನಗಾಗ ಮೊದಲ ಬಾರಿಗೆ ಹೊಳೆಯಿತು. ಗ್ರೀಸಿನಲ್ಲಿ ಬಾಳೆ ಬೆಳೆಯುತ್ತಿರಲಿಲ್ಲ ಎಂಬುದೇನೂ ದೊಡ್ಡ ಅಡ್ಡಿಯಾಗುತ್ತಿರಲಿಲ್ಲ. ಕಮಲಾಪುರದಲ್ಲಿ ಹಡಗು ಮಾತ್ರ ಎಲ್ಲಿತ್ತು?

ಮಾತು ಬದಲಿಸಲು ಆಟೋದ ಕಥೆ ಹೇಳಿದೆ. ಬೆನ್ನ ಮೇಲೆ ಅಫಲಾತೂನ ಎಂದು ಬರೆಸಿದ್ದಾನೆ, ನನ್ನ ಹೆಸರು ಕದ್ದಿದ್ದಾನೆ, ಕೇಳಿದರೆ ನನಗೇ ಬೈದ ಎಂದೆ. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ನಿಂತ ಮೇಲೆ ಹಾಗೇ ಸಹಜವಾಗಿ ಅಂದಳು, “ಅದೇನ್ ನಿನ್ನ ಹೆಸರಲ್ಲ ಬಿಡು. ಮೊದಲ ನಂದಿತ್ತು.”

“ಅಂದ್ರ?”

“ಹಕೀಮ ಸಾಬರು ನನಗ ಬೈದಿದ್ದು ಅದೇ ಅಲ್ಲೇನು? ನಿನಗ ಗೊತ್ತಿಲ್ಲೇನು? ಅವತ್ತ ನಾನೂ ಅಪ್ಪನೂ ಗುಳಿಗಿ ತರ್ಲಾಕ ಹೋಗಿದ್ವಿ. ನಾ ಏನೋ ಕೇಳ್ದೆ. ಅವರು ಅಪ್ಪನ ಕಡಿ ತಿರುಗಿ ‘ತುಮಾರಿ ಬೇಟಿ ಅಫಲಾತೂನ್ ಹೈ, ಸಂಭಾಲ್ ಕೆ ರಖ್ನಾ’ ಅಂದ್ರು. ಅಂದು ಹಿಂಗ ಕಿವಿ ಹಿಡಕೊಂಡ್ರು, ತೋಬಾ ತೋಬಾ ಅಂದಂಗ.” ಅಕ್ಕ ತನ್ನ ಕಿವಿಯ ಹಾಲೆಗಳನ್ನು ಹಿಡಿದು ತೋರಿಸಿದಳು. “ಅಪ್ಪ ಮಾರಿ ಸಣ್ಣದು ಮಾಡ್ದ. ಹಾದಿ ತುಂಬ ನನ್ನ ಸಂಗಡ ಮಾತೇ ಆಡಲಿಲ್ಲ. ಮನಿಗಿ ಬಂದು, ಇಕಿ ಸೊಕ್ಕಿನಾಕಿ ಅದಾಳ, ಸಂಭಾಳಸಬೇಕಂತ ಹಕೀಮ ಸಾಬರು ಹೇಳ್ಯಾರ, ಅಂತ ಅವ್ವಗ ಹೇಳ್ದ.”

ನಾನು ಸ್ಟೂಲನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡೆ.

ಅಪ್ಪನಿಗೆ ಬಜಾರಿನ ಉರ್ದು ಬರುತ್ತಿತ್ತು. ಆ ಉರ್ದುವಿನಲ್ಲಿ ಅಫಲಾತೂನ ಎಂದರೆ ಸೊಕ್ಕಿನವನೇ. ನಮ್ಮ ಮಾತಿನಲ್ಲಿ ಸಂಭಾಳಿಸುವುದು ಎಂದರೆ ಹಾಯುವ ಎತ್ತನ್ನು, ಕುಡುಕ ಗಂಡನನ್ನು ಹೇಗೋ ನಿಭಾಯಿಸುವುದು. ಕಿವಿ ಹಿಡಿದುಕೊಂಡರೆ ಛೀ ಥೂ ಎಂದು ಹೇಳಿದಂತೆಯೇ. ಅಪ್ಪ ಮೂರನ್ನೂ ಕೂಡಿಸಿ ಅರ್ಥ ಮಾಡಿಕೊಂಡಿದ್ದ. ಆದರೆ ಹಕೀಮ ಸಾಬರದು ಪುಸ್ತಕ ಓದಿದ ಉರ್ದು. ಅವರ ಬಾಯಲ್ಲಿ ಅಫಲಾತೂನ್ ಎಂದರೆ ಆ ಮಹಾ ಜ್ಞಾನಿಯೇ, ಅವನ ಹೆಸರೆತ್ತಿದ್ದಕ್ಕೇ ಅವರ ಕೈ ಕಿವಿಗೆ ಹೋದದ್ದು. ಸಂಭಾಲ್ ಕೆ ರಖ್ನಾ ಎಂದರೆ, ಬೆಲೆಬಾಳುವ ವಸ್ತು ಇದು, ಜೋಪಾನವಾಗಿಟ್ಟುಕೋ ಎಂದು.

ಆ ಮಾತು ಇಷ್ಟು ವರ್ಷ ಕಮಲಾಪುರದಲ್ಲಿ ಅಕ್ಕನ ಬಳಿ ಇತ್ತು. ಅದರ ಅರ್ಥ ಕಲಬುರಗಿಯಲ್ಲಿ ನನ್ನ ಬಳಿ ಇತ್ತು. ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವಷ್ಟು ದೂರ. ನಾನು ಆ ಅರ್ಥವನ್ನು ಪ್ರತಿ ವರ್ಷ ಹುಡುಗರಿಗೆ ಹೇಳಿ ನಗಿಸುತ್ತಿದ್ದೆ. ಎರಡೂ ಒಂದೇ ಒಂದು ಬಾರಿ ಮುಖಾಮುಖಿಯಾಗಲಿಲ್ಲ.

ಈಗ ಹೇಳುವುದೇ, ಬಿಡುವುದೇ? ಶಬ್ದದ ಮೂಲ ಸಿಕ್ಕರೆ ಬಾಯಿ ತುರಿಸುವ ಮೇಷ್ಟ್ರು ಒಳಗಿನಿಂದ ಹೇಳು ಹೇಳು ಎನ್ನುತ್ತಿದ್ದ. ತಮ್ಮನಾದವನು ಸುಮ್ಮನಿರು ಎನ್ನುತ್ತಿದ್ದ. ಅರವತ್ತು ದಾಟಿದವಳಿಗೆ, ನಿನ್ನ ಶಾಲೆ ಬಿಡಿಸಿದ ಬೈಗುಳ ಬೈಗುಳವೇ ಅಲ್ಲ, ಅಷ್ಟು ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ ಎಂದು ಹೇಳಿ ಏನು ಕೊಟ್ಟಂತಾಯಿತು? ಏನನ್ನು ಕಸಿದುಕೊಂಡಂತಾಯಿತು? ಕಡೆಗೆ ಹೇಳಿದೆ. ಬೈಗುಳವನ್ನೇ ಹೊತ್ತುಕೊಂಡು ಆಕೆ ಇನ್ನೊಂದು ದಿನ ಕೂರುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ತರಗತಿಯಲ್ಲಿ ಹೇಳುವಷ್ಟು ಚೆನ್ನಾಗಿ ಹೇಳಲಾಗಲಿಲ್ಲ.

ಅಕ್ಕ ಬಾಳೆಯ ಚಿಪ್ಪೊಂದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಹಂಗಾದ್ರ ಅವರು ನನಗ ಬೈದಿಲ್ಲಂತಿ?”

“ಇಲ್ಲಕ್ಕಾ. ಹೊಗಳ್ಯಾರ.”

“ಖರೇ?”

“ಖರೇ.”

“ನಾ ಅಲ್ಲಿಗಿ ಹೋಗೋದೇ ಬಿಟ್ಟಿದ್ದೆ ನೋಡು. ಹಾದ್ಯಾಗ ಎದುರು ಬಂದ್ರೂ ಮಾರಿ ತಿರುವಿ ಹೋಗತಿದ್ದೆ. ಅವರು ಏನ್ ತಿಳಕೊಂಡಿದ್ದಾರು ಪಾಪ.” ಆಕೆಯ ಕಣ್ಣು ತುಂಬಿದ್ದು ಶಾಲೆಗಾಗಿ ಅಲ್ಲ, ಅದಕ್ಕಾಗಿ. ಸೆರಗಿನಿಂದ ಒರೆಸಿಕೊಂಡು ಮತ್ತೆ ಅಂದಳು, “ಅಪ್ಪ ಸಾಯೋ ಮುಂದ ನನ್ನ ಕೈ ಹಿಡಕೊಂಡು, ನಿನಗ ಸಾಲಿ ಬಿಡಿಸಿದ್ದು ತಪ್ಪಾತೇನವ್ವಾ ಅಂತ ಕೇಳಿದ್ದ. ಹಕೀಮ ಸಾಬರೇ ಹಂಗಂದ ಮ್ಯಾಲ ನೀ ಏನ್ ಮಾಡಾಂವಪಾ ಅಂತ ಸಮಾಧಾನ ಹೇಳಿದ್ದೆ. ಅಂವಗ ಇದು ತಿಳೀದೇ ಹೋಗಿದ್ದೇ ಛಲೋ ಆತು.”

ಹೆದ್ದಾರಿಯಲ್ಲಿ ಲಾರಿಯೊಂದು ತಾಡಪತ್ರಿಯನ್ನು ಅಲುಗಿಸಿಕೊಂಡು ಹೋಯಿತು. ತೂಗುವ ಗೊನೆಗಳು ನಿಧಾನವಾಗಿ ನಿಂತವು. ಅಕ್ಕ ಅವುಗಳನ್ನೇ ನೋಡುತ್ತಿದ್ದಳು. ನಾನು ಎಷ್ಟೋ ವರ್ಷಗಳಿಂದ ಆಕೆಯ ಮುಖದಲ್ಲಿ ಕಾಣದ ಒಂದು ಗೆರೆ ಹುಬ್ಬುಗಳ ನಡುವೆ ಮೂಡಿತು.

“ತಮ್ಮಾ, ಆ ಖರೇ ಅಫಲಾತೂನಗ ಅಕ್ಕ-ತಂಗೇರು ಇದ್ರೇನು?”

ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ನನಗೆ ಇದನ್ನು ಕೇಳಿದವರಿಲ್ಲ. ಯಾವ ವಿದ್ಯಾರ್ಥಿಯೂ ಕೇಳಿಲ್ಲ. ನನಗೂ ಕೇಳಬೇಕೆನಿಸಿರಲಿಲ್ಲ.

“ಇದ್ದಳು. ಒಬ್ಬಾಕಿ” ಎಂದೆ.

“ಆಕಿನೂ ಅವನಂಗೇ ಶಾಣ್ಯಾಕಿ ಇದ್ದಳೇನು?”

“ಗೊತ್ತಿಲ್ಲಕ್ಕಾ.”

“ಇಷ್ಟ ಓದೀದಿ, ಅದು ಓದಿಲ್ಲೇನು?”

“ಯಾರೂ ಬರದಿಲ್ಲ. ಆಕಿ ಮಗ ಮುಂದ ಸೋದರಮಾವನ ಸಾಲಿ ನಡಿಸ್ದ. ಅದಕ್ಕ ಆಕಿ ಹೆಸರು ಉಳದದ, ಅಷ್ಟೇ.”

“ಅಂವ ತಾ ಬರದಿಲ್ಲೇನು? ಭಾಳ ಬರದಾನ ಅಂತಿದ್ದೆಲ್ಲ?”

“ಭಾಳ ಬರದಾನ. ಬ್ಯಾರೇದವರು ಆಡಿದ ಮಾತು ಬರದಾನ, ತನ್ನ ಅಣ್ಣಂದಿರು ಆಡಿದ ಮಾತು ಬರದಾನ. ಆಕೀದು ಒಂದು ಮಾತೂ ಇಲ್ಲ.”

ಇನ್ನೊಂದು ಕಾರು ಬಂದು ನಿಂತಿತು. ಅಕ್ಕ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು, ಅವ್ವನ ಹಾಗೆಯೇ. ಕೈಲಿದ್ದ ಚಿಪ್ಪಿನಿಂದ ಚೆನ್ನಾಗಿ ಹಣ್ಣಾದುದೊಂದನ್ನು ಮುರಿದು ನನ್ನ ಕೈಗಿಟ್ಟು, ಗಿರಾಕಿಯ ಕಡೆಗೆ ಹೋಗುತ್ತ, ನಗುತ್ತಲೇ ಅಂದಳು:

“ಹಂಗಾದ್ರ ಆ ಹೆಸರು ನಿನಗೇ ಇರಲಿ ತಮ್ಮಾ. ಖರೇನೇ ನೀ ಅಫಲಾತೂನ ಅದಿ.”